ಗುಮ್ಮಟದ ಊರಾಗ ಥಂಡಿ ದಿನಗಳು

ಭಾಗ 1/9: ಯಾವಾಗ ಬರೋದು?

ಹೋದ ವಾರ ಗೋಳಗುಮ್ಮಟದ ಒಂದು ಫೋಟೋ ಹಾಕಿದ್ದೆ. ಅವತ್ತಿಂದ ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ: "ವಿಜಯಪುರಕ್ಕೆ ಯಾವಾಗ ಬರಬೇಕು?" ಒಬ್ಬೊಬ್ಬರಿಗೆ ಬರೆಯೋ ಬದಲು ಎಲ್ಲರಿಗೂ ಇಲ್ಲೇ ಬರೀತೀನಿ. ಒಂಬತ್ತು ಫೋಟೋ, ಒಂಬತ್ತು ಕ್ಯಾಪ್ಷನ್. ಉದ್ದ ಅದಾವ, ಸಾವಕಾಶ ಓದ್ರಿ.

ಉತ್ತರ ಸರಳ. ನವೆಂಬರ್ ಕೊನೆಯಿಂದ ಫೆಬ್ರವರಿ ನಡುವಿನ ತನಕ. ಏಪ್ರಿಲ್-ಮೇದಾಗ ಮಾತ್ರ ಬರಬ್ಯಾಡ್ರಿ. ಬ್ಯಾಸಗಿಯೊಳಗ ಇಲ್ಲಿ 40 ಡಿಗ್ರಿ ದಾಟೋದು ಸುದ್ದೀನೇ ಅಲ್ಲ. ಮಧ್ಯಾಹ್ನ ಚಪ್ಪಲಿ ಬಿಟ್ಟು ಕಲ್ಲಿನ ಕಟ್ಟೆ ಹತ್ತಿದವರು ಕುಣಿಯುತ್ತ ಕೆಳಗಿಳಿಯುತ್ತಾರೆ. ಊರು ನೋಡಲು ಬಂದವರು ಬರೀ ನೆರಳು ಹುಡುಕಿ ವಾಪಸ್ ಹೋಗ್ತಾರ.

ಥಂಡಿಯೊಳಗ ಅದೇ ಊರು ಬೇರೆ ಆಗುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ, ಗಿಡಮರ ಕಡಿಮೆ ಇರುವ ಬಯಲು ನಮ್ಮದು. ಮುಗಿಲು ತಿಳಿಯಾಗಿದ್ದರೆ ಹಗಲು ಕಾದ ನೆಲ ರಾತ್ರಿ ಬೇಗನೆ ಆರಿಬಿಡುತ್ತದೆ. ಕೆಲವು ವರ್ಷ ನಸುಕಿನಲ್ಲಿ 10 ಡಿಗ್ರಿಗಿಂತ ಕೆಳಗೂ ಇಳಿಯುವುದುಂಟು. ಹಂಗಂತ ದಿನವಿಡೀ ನಡುಗೋದೇನೂ ಇಲ್ಲ. ಹತ್ತು ಗಂಟೆಗೆ ಸ್ವೆಟರ್ ಮೈಮೇಲಿಂದ ಸೊಂಟಕ್ಕೆ ಬಂದಿರ್ತದ. ಇಡೀ ಮಧ್ಯಾಹ್ನ ನಡೆದಾಡಬಹುದು. ಈ ಊರು ನಡೆದೇ ನೋಡಬೇಕು, ಇಲ್ಲಾ ಟಾಂಗಾದೊಳಗ ಕೂತು ನೋಡಬೇಕು.

ಟಾಂಗಾ ಅಂದಾಗ ನೆನಪಾಯ್ತು. ಕ್ಲಾಸ್‌ಮೇಟ್‌ಗಳಿಗೆಲ್ಲ ಗೊತ್ತಿದೆ, ಹೊಸಬರಿಗೆ ಹೇಳ್ತೀನಿ. ನಮ್ಮಪ್ಪ ಟಾಂಗಾ ಹೊಡೀತಾನ. ನಮ್ಮ ಕುದುರಿ ಹೆಸರು ಬಿಜಲಿ. ನಾನು ಡಿಗ್ರಿ ಕೊನೇ ವರ್ಷ. ಊರಾಗ ಈಗ ಟಾಂಗಾ ಬೆರಳೆಣಿಕೆಗೆ ಬಂದಾವ, ಬ್ಯಾಟರಿ ಆಟೋ ದಿನಕ್ಕೊಂದು ಹೊಸದು ಕಾಣಸ್ತದ. ಈ ಥಂಡಿ ಮುಗಿದ ಮೇಲೆ ಬಿಜಲಿಯನ್ನು ಇಟ್ಟುಕೊಳ್ಳೋದೋ ಮಾರೋದೋ ಅಂತ ಮನೆಯಲ್ಲಿ ಮಾತು ನಡೆದಿದೆ. ಹಾಗಾಗಿ ಈ ಸಲ ಡಿಸೆಂಬರ್ ಶುರುವಾದಾಗಿನಿಂದ ನಾನು ಎಲ್ಲವನ್ನೂ ಸ್ವಲ್ಪ ಜಾಸ್ತಿ ಹೊತ್ತು ನೋಡುತ್ತಿದ್ದೇನೆ. ಫೋಟೋಗಳಲ್ಲಿ ಅಲ್ಲಲ್ಲಿ ಕುದುರೆಯ ಕಿವಿ ಬಂದಿದ್ದರೆ ಅದಕ್ಕೇ.

---

ಭಾಗ 2/9: ಬೆಳಿಗ್ಗೆ ಆರು ಗಂಟೆ, ಗುಮ್ಮಟ ಇನ್ನೂ ಮಾತಾಡಿಲ್ಲ

ಗೋಳಗುಮ್ಮಟಕ್ಕೆ ಬಾಗಿಲು ತೆರೆಯೋ ಹೊತ್ತಿಗೇ ಹೋಗ್ರಿ. ಹುಲ್ಲಿನ ಮೇಲೆ ಇಬ್ಬನಿ ಇರುತ್ತದೆ. ಬಾಯಿಂದ ಹೊಗೆ ಬರುತ್ತದೆ, ಅದನ್ನೇ ಹಿಡಿದು ಹತ್ತು ಸೆಲ್ಫಿ ಆಗ್ತಾವ. ಎದುರಿಗಿನ ನಗಾರಖಾನೆ ಕಟ್ಟಡದ ಮ್ಯೂಸಿಯಂ ಇನ್ನೂ ಮುಚ್ಚಿರುತ್ತದೆ. ಹಿಂದೆ ಅಷ್ಟು ದೊಡ್ಡ ಗುಮ್ಮಟ ಮಂಜಿನೊಳಗೆ ಅರ್ಧ ಕಾಣುತ್ತದೆ, ಅರ್ಧ ಇಲ್ಲ.

ಇದು ಮೊಹಮ್ಮದ್ ಆದಿಲ್‌ಶಾಹಿಯ ಸಮಾಧಿ. ಆತ ತೀರಿಕೊಂಡದ್ದು 1656ರಲ್ಲಿ. ಗುಮ್ಮಟದ ಹೊರಗಿನ ವ್ಯಾಸ ಸುಮಾರು 44 ಮೀಟರ್. ಒಳಗೆ ಕಾಲಿಟ್ಟಾಗ ಮೊದಲು ಹುಡುಕಬೇಕಾದ್ದು ಕಂಬ. ಸಿಗೋದಿಲ್ಲ, ಯಾಕಂದ್ರ ಒಂದೂ ಇಲ್ಲ. ಆಮೇಲೆ ತಲೆ ಎತ್ತಿ ನೋಡಿ. ಎಂಟು ಕಮಾನುಗಳು ಒಂದನ್ನೊಂದು ದಾಟುತ್ತ ಹೆಣೆದುಕೊಂಡಿವೆ. ಚೌಕಾಕಾರದ ಕೋಣೆಯನ್ನು ಅವೇ ಮೇಲೆ ಹೋಗ್ತಾ ದುಂಡಗೆ ಮಾಡುತ್ತವೆ. ಗುಮ್ಮಟದ ಭಾರವೆಲ್ಲ ಆ ಹೆಣಿಗೆಯ ಮೂಲಕ ದಪ್ಪ ಗೋಡೆಗಳಿಗೆ ಇಳಿಯುತ್ತದೆ. ಬುಟ್ಟಿ ಹೆಣೆಯೋದು ನೋಡಿದ್ರೆ ಇದು ಥಟ್ಟನೆ ತಿಳೀತದ.

ಮೂಲೆಯ ಏಳಂತಸ್ತಿನ ಮಿನಾರಿನ ಒಳಗಿನ ಇಕ್ಕಟ್ಟು ಮೆಟ್ಟಿಲು ಹತ್ತಿದರೆ ಪಿಸುಗುಟ್ಟುವ ಗ್ಯಾಲರಿ. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಅಂದದ್ದು ದುಂಡು ಗೋಡೆಯ ಗುಂಟ ಜಾರಿ ಎದುರಿನವರ ಕಿವಿಗೆ ಹೋಗುತ್ತದೆ. ಕೂಗಿದರೆ ಏಳು ಸಲ ಮರಳಿ ಬರ್ತದ ಅಂತ ಒಬ್ಬ ಗೈಡ್, ಹತ್ತು ಸಲ ಅಂತ ಇನ್ನೊಬ್ಬ. ಎಣಿಸೋ ಹಂಗಾಮಿನೊಳಗ ಎಲ್ಲರೂ ತಪ್ಪತಾರ.

ಮೊನ್ನೆ ನಾವು ನಾಲ್ವರೇ ಇದ್ದೆವು. ನನ್ನ ಗೆಳತಿ ಆ ಕಡೆ ಹೋಗಿ ನಿಂತು ಗೋಡೆಗೆ ಏನೋ ಅಂದಳು. ನನ್ನ ಕಿವಿಗೆ ಬಂದದ್ದು: "ನಂದು ನಿಶ್ಚಯ ಆತು. ಮೇದಾಗ ಮದುವಿ." ಒಂದು ವಾರದಿಂದ ಎದುರಿಗೆ ಕೂತು ಚಹಾ ಕುಡಿಯುವಾಗ ಹೇಳಲಾಗದ್ದನ್ನು ಅಷ್ಟು ದೂರದಿಂದ ಹೇಳಿದಳು. ನಾನು ಗೋಡೆಗೇ ಕೇಳಿದೆ, "ಹುಡುಗ ಹೆಂಗದಾನ?" ಉತ್ತರ ಬರೋದರೊಳಗ ಕೆಳಗೆ ಮೊದಲ ಶಾಲೆ ಬಸ್ಸಿನ ಮಕ್ಕಳು ಒಳಗೆ ನುಗ್ಗಿ "ಓ..." ಅಂದುಬಿಟ್ಟವು. ನಾಲ್ಕು ದಿಕ್ಕಿಂದ ಓ ಅನ್ನೋದೊಂದೇ. ಅವಳ ಉತ್ತರ ಅದರೊಳಗೇ ಹೋಯಿತು. ಕೆಳಗಿಳಿದ ಮೇಲೆ ಕೇಳಿದರೆ ನಕ್ಕಳು, ಅಷ್ಟೇ.

---

ಭಾಗ 3/9: ಬಸ್ಸುಗಳು

ಡಿಸೆಂಬರ್ ಅಂದ್ರ ಶಾಲಾ ಪ್ರವಾಸದ ತಿಂಗಳು. ಬೆಳಗಾವಿ, ರಾಯಚೂರು, ದಾವಣಗೆರೆ, ಮಂಡ್ಯ, ಎಲ್ಲ ಕಡೆಯ ಬಸ್ಸು ನಮ್ಮೂರಿಗೆ ಬರುತ್ತವೆ. ಒಂದು ಬಸ್ಸಿನೊಳಗಿಂದ ಎಷ್ಟು ಮಕ್ಕಳು ಇಳೀತಾವ ಅನ್ನೋದು ಗುಮ್ಮಟಕ್ಕಿಂತ ದೊಡ್ಡ ವಿಸ್ಮಯ. ಒಂದೇ ಬಣ್ಣದ ಟೋಪಿ, ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಮುಂದೆ ಸೀಟಿ ಊದೋ ಪಿ.ಟಿ. ಮಾಸ್ತರು. "ಸಾಲು ಹಿಡೀರಿ" ಅಂತ ಮೇಡಂ ಕೂಗುವುದರೊಳಗ ಸಾಲು ಕರಗಿ ಐಸ್‌ಕ್ಯಾಂಡಿ ಗಾಡಿ ಕಡೆ ಹೋಗಿರ್ತದ. ಥಂಡಿಯೊಳಗ ಐಸ್‌ಕ್ಯಾಂಡಿ ತಿನ್ನೋ ಧೈರ್ಯ ಏಳನೇ ಕ್ಲಾಸಿನ ಮಕ್ಕಳಿಗೆ ಮಾತ್ರ ಇರ್ತದ.

ನೀವು ಫೋಟೋದಾಗ ಜನ ಬರಬಾರದು ಅಂತ ಕಾಯ್ತೀರಿ. ನಮ್ಮಪ್ಪ ಜನ ಬರಲಿ ಅಂತ ಕಾಯ್ತಾನ. ಇದು ಜಗಳದ ಮಾತಲ್ಲ, ಎರಡೂ ಖರೇನೇ. ಗುಮ್ಮಟದ ಮುಂದೆ ಶೇಂಗಾ ಮಾರುವವರು, ಗೈಡುಗಳು, ಚಹಾದಂಗಡಿ, ಟೋಪಿ-ಸರ ಮಾರುವವರು, ಟಾಂಗಾದವರು, ಎಲ್ಲರ ವರ್ಷ ನಡೆಯುವುದು ಈ ತಿಂಗಳುಗಳ ಮೇಲೆ. ಬ್ಯಾಸಗಿಯೊಳಗ ರಜೆ ಇದ್ದರೂ ಬಿಸಿಲಿಗೆ ಯಾರೂ ಬರೋದಿಲ್ಲ. ಮಳೆಗಾಲದಲ್ಲಿ ಎಲ್ಲರಿಗೂ ಜಲಪಾತ ಬೇಕು. ಉಳಿದದ್ದು ಥಂಡಿ.

ಅಪ್ಪನ ಹತ್ತಿರ ಒಂದು ನೋಟ್‌ಬುಕ್ ಇದೆ. ನನ್ನದೇ ಹಳೇ ಗಣಿತದ್ದು, ಹಿಂದಿನ ಹಾಳೆಗಳು ಖಾಲಿ ಇದ್ದವು. ಅದರಲ್ಲಿ ನವೆಂಬರಿನಿಂದ ಪ್ರತಿ ರಾತ್ರಿ ಗಳಿಕೆ ಬರೆಯುತ್ತಾನೆ. ಬಲಗಡೆ ಖರ್ಚು: ಹುಲ್ಲು, ಕಡಲಿ, ಬೂಸಾ, ನಾಲು ಹೊಡೆಸಿದ್ದು, ಚಕ್ರದ ರಿಪೇರಿ. ಆಟೋ ನಿಂತರೆ ಪೆಟ್ರೋಲು ಕುಡಿಯೋದಿಲ್ಲ. ಕುದುರೆ ನಿಂತಲ್ಲೇ ತಿನ್ನುತ್ತದೆ, ಜೂನ್‌ದಾಗೂ ತಿನ್ನುತ್ತದೆ. "ನಾಲ್ಕು ತಿಂಗಳ ಗಳಿಸಿದ್ದು ಹನ್ನೆರಡು ತಿಂಗಳ ತಿನ್ನಬೇಕು, ನಾವೂ ಅದೂ," ಅಂತಾನ ಅಪ್ಪ.

ಈ ವರ್ಷ ನವೆಂಬರಿನ ಪುಟದಲ್ಲಿ ಎಡಗಡೆ ಸಾಲು ಗಿಡ್ಡ ಇತ್ತು. ಡಿಸೆಂಬರ್ ಪರವಾಗಿಲ್ಲ. ನಾನು ಫೋಟೋ ತೆಗೆಯಲು ಹೋದರೆ ಅಪ್ಪ ಪುಸ್ತಕ ಮುಚ್ಚಿದ. "ಇದನ್ನೆಲ್ಲ ಹಾಕಬ್ಯಾಡ ಯವ್ವಾ, ಗುಮ್ಮಟ ಹಾಕು." ಹಾಗಾಗಿ ಈ ಭಾಗದ ಫೋಟೋದಲ್ಲಿ ಐಸ್‌ಕ್ಯಾಂಡಿ ಇದೆ. ಬರೆಯೋದಕ್ಕೆ ಮಾತ್ರ ಒಪ್ಪಿಗೆ ತಗೊಂಡೀನಿ.

---

ಭಾಗ 4/9: ಸಂಜಿ ಸುತ್ತು

ಸಂಜೆ ನಾಲ್ಕರ ಮೇಲೆ ಟಾಂಗಾ ಹತ್ರಿ. ಗುಮ್ಮಟದಿಂದ ಪಶ್ಚಿಮಕ್ಕೆ ಹೋದಂತೆ ಸೂರ್ಯ ಎದುರಿಗೇ ಇರ್ತಾನ. ಮುಖಕ್ಕೆ ಬೆಚ್ಚಗೆ, ಬೆನ್ನಿಗೆ ತಣ್ಣಗೆ.

ಮೊದಲು ಬಾರಾ ಕಮಾನ್. ಎರಡನೇ ಅಲಿ ಆದಿಲ್‌ಶಾಹಿ ತನ್ನ ಸಮಾಧಿಗೆ ಅಂತ ಕಟ್ಟಿಸಲು ಹೊರಟದ್ದು, ಪೂರ್ತಿ ಆಗಲಿಲ್ಲ. ಆತ 1672ರಲ್ಲಿ ತೀರಿಕೊಂಡ. 1686ರಲ್ಲಿ ಊರು ಔರಂಗಜೇಬನ ಕೈಗೆ ಹೋಯಿತು. ಚಾವಣಿ ಬರಲೇ ಇಲ್ಲ, ಕರಿಕಲ್ಲಿನ ಕಮಾನುಗಳು ಮಾತ್ರ ಸಾಲಾಗಿ ನಿಂತಿವೆ. ಸಂಜೆ ಹೊತ್ತು ಒಂದು ಕಮಾನಿನ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಕಟ್ಟಿ ಮುಗಿಸಿದ್ದರೆ ಇಷ್ಟು ಬೆಳಕು ಒಳಗೆ ಬರುತ್ತಿರಲಿಲ್ಲ.

ಆಮೇಲೆ ಕೋಟೆಗೋಡೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿಯ ಕಡೆ ಸಿಂಹದಂಥ ಮುಖ, ಅದರ ಹಲ್ಲುಗಳ ನಡುವೆ ಆನೆ. ಸುಡುಬಿಸಿಲಲ್ಲೂ ಇದು ತಣ್ಣಗಿರ್ತದ ಅಂತ ಊರಾಗ ಹೇಳ್ತಾರ. ಜನವರಿಯೊಳಗ ಮುಟ್ಟಿ ನೋಡ್ರಿ, ಕೈ ಜುಮ್ ಅಂತದ. ಮೆಲ್ಲಗೆ ತಟ್ಟಿದರೆ ಗಂಟೆಯಂಥ ಸಪ್ಪಳ.

ಈ ತೋಪಿನ ಕಥೆಯಲ್ಲಿ ನನಗೆ ಸೇರೋದು ಯುದ್ಧ ಅಲ್ಲ, 1854. ಆ ವರ್ಷ ಇದನ್ನು ಹರಾಜಿಗಿಟ್ಟರು. 150 ರೂಪಾಯಿಗೆ ಕೂಗಿದರು. ಆಮೇಲೆ ಆ ಮಾರಾಟ ರದ್ದಾಗಿ ತೋಪು ಇಲ್ಲೇ ಉಳಿಯಿತು. ಇದನ್ನು ನಾನು ಅಪ್ಪನಿಗೆ ಹೇಳಿದಾಗ ಅವನು ಬಿಜಲಿಯ ಕಡೆ ನೋಡಿ ಅಂದ: "ತೋಪಿಗೆ ಏನ ತ್ರಾಸ? ಅದು ಕಡಲಿ ತಿನ್ನಂಗಿಲ್ಲ."

ಕೊನೆಗೆ ಉಪ್ಪಲಿ ಬುರುಜು. ಸುಮಾರು 80 ಅಡಿ ಎತ್ತರದ ಒಂಟಿ ಗೋಪುರ. ಹೊರಮೈಗೆ ಸುತ್ತಿಕೊಂಡ ಕಲ್ಲಿನ ಮೆಟ್ಟಿಲು, ಮೇಲೆ ಉದ್ದನೆಯ ತೋಪುಗಳು. ಹತ್ತುವಾಗ ಬೆವರು, ಮೇಲೆ ಹೋದ ಕೂಡಲೇ ಗಾಳಿ ಬೀಸಿ ಅದೇ ಬೆವರು ಮಂಜುಗಡ್ಡೆ. ಊರು ಪೂರ್ತಿ ಕಾಣುತ್ತದೆ: ಪೂರ್ವಕ್ಕೆ ಗೋಳಗುಮ್ಮಟ, ನಡುವೆ ಜುಮ್ಮಾ ಮಸೀದಿಯ ಈರುಳ್ಳಿಯಂಥ ಗುಮ್ಮಟ, ಪಶ್ಚಿಮಕ್ಕೆ ಇಬ್ರಾಹಿಂ ರೋಜಾದ ಮಿನಾರುಗಳು. ಸೂರ್ಯ ಮುಳುಗಿ ಐದು ನಿಮಿಷಕ್ಕೆ ಒಲೆಗಳ ಹೊಗೆ ಮನೆಗಳ ಮೇಲೆ ಗೆರೆಯಂತೆ ನಿಲ್ಲುತ್ತದೆ. ಥಂಡಿಯೊಳಗ ಹೊಗೆ ಮೇಲಕ್ಕೆ ಏಳೋದಿಲ್ಲ. ಆ ಗೆರೆ ನೋಡಿದ್ರ ಹಸಿವಾಗ್ತದ. ಕೆಳಗಿಳಿದು ಗಿರಮಿಟ್ಟು, ಮಿರ್ಚಿಭಜಿ, ಚಹಾ. ಇದೇ ಕ್ರಮ, ಬದಲಿಸಬ್ಯಾಡ್ರಿ.

---

ಭಾಗ 5/9: ನೀರಿನ ಊರು

ವಿಜಯಪುರ ಅಂದ್ರ ಬರ, ಬಿಸಿಲು ಅಂತಷ್ಟೇ ಕೇಳಿರ್ತೀರಿ. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಹಂಗಾದ್ರ ಆದಿಲ್‌ಶಾಹಿಗಳ ಕಾಲದ ಅಷ್ಟು ದೊಡ್ಡ ರಾಜಧಾನಿ ಏನು ಕುಡೀತಿತ್ತು?

ಉತ್ತರ ನೆಲದ ಕೆಳಗಿದೆ. ಪಶ್ಚಿಮದ ತೊರವಿ ಕಡೆಯಿಂದ ಸುರಂಗದೊಳಗೆ ನೀರು ಊರಿಗೆ ಬರುತ್ತಿತ್ತು. ದಕ್ಷಿಣಕ್ಕೆ ಬೇಗಂ ತಲಾಬ್, 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹಿ ಕಟ್ಟಿಸಿದ ಕೆರೆ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಇಳಿದು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಚೌಕಾಕಾರದ ಎತ್ತರದ ಕಲ್ಲಿನ ಗೋಪುರಗಳಿವೆ. ಅವಕ್ಕೆ ಗಂಜ್ ಅಂತಾರೆ. ನೀರು ಅದರೊಳಗೆ ಏರಿ ಇಳಿಯುವಾಗ ಒತ್ತಡ ಕಡಿಮೆಯಾಗಿ ಕೊಳವೆ ಒಡೆಯುತ್ತಿರಲಿಲ್ಲ. ಹೂಳು ತಳಕ್ಕೆ ಕೂರುತ್ತಿತ್ತು. ನಾನು ಇಷ್ಟು ವರ್ಷ ಅವನ್ನು ಯಾವುದೋ ಕಾವಲು ಗೋಪುರ ಅಂದುಕೊಂಡೇ ಬೆಳೆದೆ. ಪಕ್ಕದ ಮನೆ ಅಜ್ಜಿ ಮಾತ್ರ ಈಗಲೂ "ಗಂಜಿನ ಹಂತ್ಯಾಕ ನಿಲ್ಲು" ಅಂತ ಗುರುತು ಹೇಳ್ತಾಳ.

ಊರೊಳಗೆ ಬಾವಡಿಗಳು. ದೊಡ್ಡದು ತಾಜ್ ಬಾವಡಿ, 1620ರ ಸುಮಾರಿನದು. ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ರಾಣಿ ತಾಜ್ ಸುಲ್ತಾನಾಳ ಹೆಸರು ಅದಕ್ಕೆ. ಎತ್ತರದ ಕಮಾನಿನಡಿ ನಿಂತು ಕೆಳಗೆ ನೋಡಿದರೆ ಚೌಕಾಕಾರದ ನೀರು. ಕೆಲವು ವರ್ಷಗಳ ಹಿಂದೆ ಊರಿನ ಹಳೇ ಬಾವಡಿಗಳ ಹೂಳು, ಕಸ ತೆಗೆಸಿದರು. ಮಳೆಗಾಲ ಮುಗಿದ ಹೊಸದರಲ್ಲಿ, ಅಂದ್ರ ಈ ಥಂಡಿ ದಿನಗಳಲ್ಲೇ, ಅವು ತುಂಬಿದಂತೆ ಕಾಣೋದು. ಮಾರ್ಚ್ ದಾಟಿದರೆ ಮೆಟ್ಟಿಲು ಒಂದೊಂದೇ ಹೊರಗೆ ಬರ್ತಾವ.

ಅಸರ್ ಮಹಲಿನ ಮುಂದೆ ಒಂದು ಹೊಂಡ ಇದೆ. ಬೆಳಗಿನ ಬಿಸಿಲಿಗೆ ಅದರ ಮೇಲಿಂದ ಹಬೆ ಏಳುತ್ತದೆ. ನೀರು ಕುದಿಯುತ್ತಿದೆ ಅನ್ನಿಸುವಷ್ಟು. ನೀರು ರಾತ್ರಿಯ ಗಾಳಿಗಿಂತ ನಿಧಾನ ಆರುತ್ತದಲ್ಲ, ಅದಕ್ಕೆ. ಈ ಭಾಗದ ಫೋಟೋ ಅದೇ. ಫಿಲ್ಟರ್ ಹಾಕಿಲ್ಲ, ಆಣಿ ಮಾಡ್ತೀನಿ.

ಒಂದು ಮಾತು ಹೊಳೆಯಿತು. ಈ ಊರು ಎಂದೂ ಸುರಿದ ದಿನ ಸುರಿದಷ್ಟನ್ನೇ ತಿಂದು ಬದುಕಿಲ್ಲ. ಸಿಕ್ಕಾಗ ಹಿಡಿದಿಟ್ಟುಕೊಂಡು ಇಲ್ಲದಾಗ ಬಳಸಿದೆ. ಅಪ್ಪನ ನೋಟ್‌ಬುಕ್ಕೂ ಒಂದು ನಮೂನಿ ಬಾವಡಿನೇ.

---

ಭಾಗ 6/9: ಸೀತನಿ

ಇವತ್ತಿನದು ತಿನ್ನೋ ವಿಷಯ. ಹಸಿದಿದ್ದರೆ ಆಮೇಲೆ ಓದ್ರಿ.

ಊರು ದಾಟಿದ ಕೂಡಲೇ ಕರಿನೆಲ. ಹಿಂಗಾರಿ ಜೋಳ ಬಿತ್ತೋದು ಸೆಪ್ಟೆಂಬರ್-ಅಕ್ಟೋಬರದಾಗ, ಕೊಯ್ಯೋದು ಫೆಬ್ರವರಿ-ಮಾರ್ಚದಾಗ. ನಡುವೆ ಮಳೆ ಇಲ್ಲ ಅಂದ್ರೂ ನಡೀತದ. ಕರಿಮಣ್ಣು ಮಳೆಗಾಲದ ತೇವ ಒಳಗೆ ಹಿಡಿದಿಟ್ಟುಕೊಂಡಿರುತ್ತದೆ, ಬೇರು ಅದನ್ನೇ ಹುಡುಕಿಕೊಂಡು ಇಳಿಯುತ್ತದೆ. ಮೇಲಿಂದ ಥಂಡಿ, ಇಬ್ಬನಿ. ಡೋಣಿ ನದಿ ಬಯಲಿನ ಬಗ್ಗೆ ನಮ್ಮ ಕಡೆ ಒಂದು ಮಾತಿದೆ: "ಡೋಣಿ ಹರಿದರ ಓಣಿಯೆಲ್ಲ ಜೋಳ."

ತೆನೆಯೊಳಗಿನ ಕಾಳು ಹಾಲುಗಾಳು ದಾಟಿ ಇನ್ನೂ ಗಟ್ಟಿಯಾಗದೆ ಇರುವ ಕೆಲವೇ ದಿನಗಳಿವೆ. ಆಗಿನ ತೆನೆ ಸುಟ್ಟು ತಿನ್ನೋದೇ ಸೀತನಿ. ಬೇಗ ಹೋದರೆ ಕಾಳು ನೀರು, ತಡ ಮಾಡಿದರೆ ಕಲ್ಲು. ಗೆಳತಿಯ ಹೊಲದಿಂದ ಫೋನ್ ಬಂತು: "ನಾಳೆ ಬರ್ರಿ, ನಾಡದ ಅಂದ್ರ ಆಗಂಗಿಲ್ಲ." ಅಪ್ಪ ಅವತ್ತು ಗಿರಾಕಿ ಬಿಟ್ಟು ನಮ್ಮನ್ನು ಕರೆದುಕೊಂಡು ಹೊರಟ. ನಾಲ್ಕು ಹುಡುಗಿಯರು, ಒಂದು ಟಾಂಗಾ. ದಾರಿಗುಂಟ ಹಾಡು. ಬಿಜಲಿ ಡಾಂಬರಿನ ಮೇಲೆ ಒಂದು ತಾಳ ಹಾಕುತ್ತಿತ್ತು, ಮಣ್ಣಿನ ದಾರಿಗಿಳಿದ ಮೇಲೆ ಇನ್ನೊಂದು.

ಹೊಲದಲ್ಲಿ ಸಣ್ಣ ಗುಂಡಿ ತೋಡಿ ಕುಳ್ಳು ಉರಿಸಿದರು. ಕೆಂಡದೊಳಗೆ ತೆನೆ ಇಟ್ಟು, ಹೊರಳಿಸಿ ತೆಗೆದು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಊದಿ ಹೊಟ್ಟು ಹಾರಿಸಿದರೆ ಹಸಿರು ಕಾಳು. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಗಟ್ಟಿ ಮೊಸರು. ಮಾತು ನಿಂತುಹೋಯಿತು. ಸುತ್ತ ಬರೀ ಊದುವ ಸಪ್ಪಳ.

ಎಳ್ಳಮವಾಸಿಗೆ ಅದೇ ಹೊಲಕ್ಕೆ ಮತ್ತೆ ಹೋದೆವು. ಅವತ್ತು ಬೆಳೆದು ನಿಂತ ಪೈರಿಗೆ ಚರಗ ಚೆಲ್ಲುತ್ತಾರೆ. ಬಸುರಿ ಹೆಣ್ಣುಮಗಳಿಗೆ ಬಯಕೆ ಊಟ ಕೊಟ್ಟ ಹಾಗೆ ಭೂಮಿಗೆ ಊಟ. ಸಜ್ಜಿರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡಬು. ಮೊದಲು ಹೊಲಕ್ಕೆ, ಆಮೇಲೆ ನಮಗೆ. ಊಟ ಆದ ಮೇಲೆ ಗೆಳತಿಯ ಅವ್ವ ಒಂದು ಹಿಡಿ ಹಸಿ ಕಡಲಿ ಗಿಡ ಕಿತ್ತು ತಂದು ಬಿಜಲಿ ಮುಂದೆ ಹಿಡಿದಳು. "ಇದೂ ದುಡೀತದಲ್ಲ, ಇದಕ್ಕೂ ಹಬ್ಬ ಐತಿ," ಅಂದಳು. ಅಪ್ಪ ಏನೂ ಮಾತಾಡಲಿಲ್ಲ. ಹೋಗಿ ಲಗಾಮು ಸಡಿಲ ಮಾಡಿ ಬಂದ.

---

ಭಾಗ 7/9: ಇಬ್ರಾಹಿಂ ರೋಜಾದಾಗ ಪರೀಕ್ಷೆ ತಯಾರಿ

ಊರಾಗ ಓದೋಕೆ ನನಗೆ ಬಹಳ ಸೇರಿದ ಜಾಗ ಇಬ್ರಾಹಿಂ ರೋಜಾದ ಅಂಗಳ. ಥಂಡಿಯ ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ಬೆನ್ನಿಗೆ ಬಿಸಿಲು ಮಾಡಿಕೊಂಡು ಕೂತರೆ ಅರ್ಥಶಾಸ್ತ್ರ ಸೈತ ಸ್ವಲ್ಪ ತಿಳೀತದ. ಗೋಳಗುಮ್ಮಟ ನೋಡಿ ಬಾಯಿ ತೆರೀತೀವಿ, ಇಲ್ಲಿ ಬಾಯಿ ತಾನಾಗೇ ಮುಚ್ಚತದ.

ಒಂದೇ ಎತ್ತರದ ಕಟ್ಟೆಯ ಮೇಲೆ ಎದುರುಬದುರು ಎರಡು ಕಟ್ಟಡ: ಒಂದು ಸಮಾಧಿ, ಒಂದು ಮಸೀದಿ, ನಡುವೆ ಹೊಂಡ. ಇದನ್ನು ರಾಣಿ ತಾಜ್ ಸುಲ್ತಾನಾಳಿಗಾಗಿ ಶುರು ಮಾಡಿದರು. ಕೊನೆಗೆ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯೂ ಇಲ್ಲೇ ಮಲಗಿದ. ಕಟ್ಟಿದವನು ಮಲಿಕ್ ಸಂದಲ್. ಕಿಟಕಿಗಳ ಜಾಲರಿಯನ್ನು ಹತ್ತಿರ ಹೋಗಿ ನೋಡಿ. ಅದು ಬರೀ ಚಿತ್ತಾರ ಅಲ್ಲ, ಅಕ್ಷರ. ಕಲ್ಲನ್ನು ಕೊರೆದು ಬರೆದಿದ್ದಾರೆ. ಬೆಳಕು ಆ ಅಕ್ಷರಗಳ ಸಂದಿಯಿಂದಲೇ ಒಳಗೆ ಬರಬೇಕು.

ಈ ರಾಜ ಸಂಗೀತದ ಹುಚ್ಚಿನವನು. 1580ರಿಂದ 1627ರ ತನಕ ಆಳಿದ. "ಕಿತಾಬ್-ಎ-ನವರಸ್" ಅನ್ನೋ ಹಾಡುಗಳ ಪುಸ್ತಕ ಬರೆದ. ಅದರಲ್ಲಿ ಸರಸ್ವತಿ, ಗಣಪತಿಯನ್ನೂ ನೆನೆಯುತ್ತಾನೆ. ಜನ ಅವನನ್ನು ಜಗದ್ಗುರು ಅಂತ ಕರೆದರು. ಪಶ್ಚಿಮಕ್ಕೆ ತೊರವಿಯ ಹತ್ತಿರ ನವರಸಪುರ ಅಂತ ಹೊಸ ಊರನ್ನೇ ಕಟ್ಟಲು ಹೊರಟಿದ್ದ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಮಾಡಿತು. ಸಂಗೀತ ಮಹಲಿನ ಗೋಡೆಗಳು ಈಗಲೂ ಅಲ್ಲಿ ನಿಂತಿವೆ.

ಇಲ್ಲಿ ಕೂತಾಗಲೇ ಒಂದು ಮೇಲ್ ಬಂತು. ಬೆಂಗಳೂರಿನ ಒಂದು ಕಂಪನಿಯಲ್ಲಿ ನನಗೆ ಕೆಲಸ ಆಗಿದೆ, ಜೂನ್‌ನಿಂದ. ಮೊದಲು ಹೇಳಿದ್ದು ಪಕ್ಕ ಕೂತ ಗೆಳತಿಯರಿಗೆ. ಅವರು ಕಿರುಚಿದ್ದಕ್ಕೆ ಕಾವಲುಗಾರ ಕಾಕಾ ಎದ್ದು ಬಂದರು. ವಿಷಯ ತಿಳಿದ ಮೇಲೆ ಅವರೇ ಚಹಾ ಕುಡಿಸಿದರು.

ಸಂಜೆ ಅಪ್ಪನಿಗೆ ಹೇಳಿದೆ. ಖುಷಿಪಟ್ಟ, ತಲೆ ಮೇಲೆ ಕೈಯಿಟ್ಟ. ನಾನು ಅದೇ ಉಸಿರಿನಲ್ಲಿ, "ಅಪ್ಪಾ, ಹಂಗಾದ್ರ ಬಿಜಲಿ ಇರ್ಲಿ. ಅದರ ಖರ್ಚಿಗೆ ನಾ ಕಳಸ್ತೀನಿ," ಅಂದೆ. ಅವನು ತಿಕ್ಕುತ್ತಿದ್ದ ಬ್ರಷ್ ನಿಲ್ಲಿಸಲಿಲ್ಲ. "ನಿನ್ನ ಪಗಾರದ ಮ್ಯಾಲ ಕುದುರಿ ಸಾಕಂಗಿಲ್ಲ ಯವ್ವಾ. ಅದು ತನ್ನ ಕಾಲ ಮ್ಯಾಲ ತಾ ನಿಂತೈತಿ ಇಷ್ಟು ವರ್ಷ. ನೀನೂ ಹಂಗ ನಿಂದ್ರು."

---

ಭಾಗ 8/9: ಜಾತ್ರಿ

ಸಂಕ್ರಮಣಕ್ಕೆ ನಮ್ಮೂರಿನ ಸಿದ್ಧೇಶ್ವರ ಜಾತ್ರೆ. ಜನವರಿಯ ನಡುವೆ ಬರೋದಾದ್ರ ಇದನ್ನು ನೋಡಿಕೊಂಡೇ ಹೋಗ್ರಿ. ನಂದಿಕೋಲಿನ ಮೆರವಣಿಗೆ, ಬಳೆ ಅಂಗಡಿ, ತೊಟ್ಟಿಲು, ಬೆಂಡು ಬತ್ತಾಸು, ದನದ ಜಾತ್ರೆ. ಎತ್ತುಗಳ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ. ರೈತರು ಎತ್ತಿನ ಬಾಯಿ ತೆರೆದು ಹಲ್ಲು ಎಣಿಸಿ ವಯಸ್ಸು ನೋಡ್ತಾರ, ಟವಲಿನಡಿ ಕೈ ಇಟ್ಟು ಬೆರಳ ಮೇಲೆ ರೇಟು ಮಾತಾಡ್ತಾರ.

ಭೋಗಿಯ ದಿನ ಮನೆಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಎಲ್ಲ ಕಾಯಿಪಲ್ಯ ಕೂಡಿಸಿದ ಭಾಜಿ. ಮರುದಿನ ಕುಸುರೆಳ್ಳು ಹಂಚೋದು. ದೊಡ್ಡವರ ಕಾಲಿಗೆ ಬಿದ್ದು ಎಳ್ಳು ಕೊಟ್ಟು, ಎಳ್ಳು-ಬೆಲ್ಲಧಾಂಗ ಇರೂಣು ಅನ್ನೋದು. ವರ್ಷಪೂರ್ತಿ ಮಾತು ಬಿಟ್ಟವರೂ ಅವತ್ತು ಒಂದು ಚಿಟಿಕೆ ಎಳ್ಳಿಗೆ ಕೈ ಚಾಚಲೇಬೇಕು. ನಮ್ಮ ಓಣಿಯಲ್ಲಿ ನೀರಿನ ಸರದಿಗೆ ಜಗಳಾಡಿದ್ದ ಇಬ್ಬರು ಈ ವರ್ಷವೂ ಹಂಗೇ ರಾಜಿಯಾದರು. ಎಷ್ಟು ದಿನಕ್ಕೋ ನೋಡಬೇಕು.

ಜಾತ್ರೆಯ ರಾತ್ರಿಗಳಲ್ಲಿ ಮದ್ದು ಸುಡುತ್ತಾರೆ. ಊರೆಲ್ಲ ಮಾಳಿಗೆ ಹತ್ತುತ್ತದೆ. ಚಾದರ ಹೊದ್ದುಕೊಂಡು, ಮಡಿಲಲ್ಲಿ ಶೇಂಗಾ ಇಟ್ಟುಕೊಂಡು ಎಲ್ಲರೂ ಮುಗಿಲ ಕಡೆ ಮುಖ ಮಾಡಿ ಕೂತಿರ್ತಾರ. ಬಣ್ಣ ಸಿಡಿದಾಗ ಒಂದು ಕ್ಷಣ ಎಲ್ಲರ ಮುಖ ಕೆಂಪು, ಎಲ್ಲರ ಮುಖ ಹಸಿರು.

ನಮ್ಮ ಮನೆಯವರು ಒಬ್ಬರು ಮಾತ್ರ ಮಾಳಿಗೆ ಹತ್ತುವುದಿಲ್ಲ. ಬಿಜಲಿಗೆ ಮದ್ದಿನ ಸಪ್ಪಳ ಅಂದ್ರ ಜೀವ ಹೋದಷ್ಟು ಅಂಜಿಕೆ. ಹೆಸರು ನೋಡಿದ್ರ ಸಿಡಿಲು, ಮರಿ ಇದ್ದಾಗಿಂದ ಹಿಂಗ. ಅಪ್ಪ ಪ್ರತಿ ವರ್ಷ ಆ ಹೊತ್ತಿಗೆ ಕೊಟ್ಟಿಗೆಯಲ್ಲಿ ನಿಲ್ಲುತ್ತಾನೆ. ಕಿವಿಯ ಮೇಲೆ ಕಂಬಳಿ ಹಾಕಿ, ಅದರ ಕೊರಳಿಗೆ ತನ್ನ ಭುಜ ಆನಿಸಿ, ಏನೇನೋ ಮಾತಾಡುತ್ತಾ. ಈ ವರ್ಷ ನಾನೂ ಹೋದೆ. ಹೊರಗೆ ಮುಗಿಲು ಸಿಡಿಯುತ್ತಿತ್ತು. ಒಳಗೆ ಅದರ ಚರ್ಮ ಅಲೆಅಲೆಯಾಗಿ ನಡುಗುತ್ತಿತ್ತು. ಅಪ್ಪ ಹೇಳುತ್ತಿದ್ದದ್ದು ದೇವರ ಹೆಸರಲ್ಲ, ಹಾಡಲ್ಲ. ದಾರಿಯ ಹೆಸರು. "ಈಗ ಗುಮ್ಮಟ. ಈಗ ಜುಮ್ಮಾ ಮಸೀದಿ. ಈಗ ಬಾರಾ ಕಮಾನ್. ಸಾವಕಾಶ, ಈಗ ಉಪ್ಪಲಿ ಬುರುಜು." ದಿನಾ ಹೋಗುವ ದಾರಿಯನ್ನು ಕತ್ತಲೆಯಲ್ಲಿ ನಿಂತು ಅದಕ್ಕೆ ತೋರಿಸುತ್ತಿದ್ದ.

ಈ ಭಾಗಕ್ಕೆ ಹಾಕಿರೋದು ಮದ್ದಿನ ಫೋಟೋ. ಅದನ್ನು ತೆಗೆದವಳು ನನ್ನ ತಂಗಿ, ಮಾಳಿಗೆಯಿಂದ.

---

ಭಾಗ 9/9: ಲೆಕ್ಕ

ಜಾತ್ರೆ ಮುಗಿದ ಮೂರನೇ ದಿನ ಒಬ್ಬರು ಬಿಜಲಿಯನ್ನು ನೋಡಲು ಬಂದರು. ಬೇರೆ ಊರಿನವರು, ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡ್ತಾರಂತ. ಹಲ್ಲು ನೋಡಿದರು, ಗೊರಸು ಎತ್ತಿ ನೋಡಿದರು, ಒಂದು ಸುತ್ತು ನಡೆಸಿದರು. ಹೇಳಿದ ರೊಕ್ಕ ಕಡಿಮೆ ಇರಲಿಲ್ಲ. ನೋಟ್‌ಬುಕ್ಕಿನ ಬಲಗಡೆಯ ಸಾಲಿಗೆ ಅದು ಸಾಕಾಗುತ್ತಿತ್ತು, ಮೇಲೆ ಬ್ಯಾಟರಿ ಆಟೋದ ಮೊದಲ ಕಂತಿಗೂ ಆಗುತ್ತಿತ್ತು. ಅವ್ವ ಒಳಗಿಂದ ಚಹಾ ತಂದಳು, ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಮೆರವಣಿಗ್ಯಾಗ ಪಟಾಕಿ ಹಾರಸ್ತಾರೇನ್ರಿ?"

"ಮದುವಿ ಅಂದ್ಮ್ಯಾಲ ಹಾರಸಲಾರದ ಹೆಂಗ್ರೀ?" ಅಂತ ಅವರು ನಕ್ಕರು.

ಅಪ್ಪ ಚಹಾ ಕುಡಿಸಿ ಕಳಿಸಿದ. ಅವ್ವ ಎರಡು ದಿನ ಅಷ್ಟಾಗಿ ಮಾತಾಡಲಿಲ್ಲ. ಅವಳ ಸಿಟ್ಟಿನಲ್ಲೂ ಸುಳ್ಳಿಲ್ಲ. ಮನೆ ನಡೆಸೋದು ಅವಳು, ಜುಲೈ ತಿಂಗಳು ಹೆಂಗಿರ್ತದ ಅನ್ನೋದು ಅವಳಿಗೇ ಹೆಚ್ಚು ಗೊತ್ತು. ಮಾರೋದೇ ಇಲ್ಲ ಅಂತ ಅಪ್ಪನೂ ಅಂದಿಲ್ಲ. ಮದ್ದಿನ ನಡುವೆ ನಿಲ್ಲಿಸೋರಿಗೆ ಮಾರೋದಿಲ್ಲ ಅಂದಿದ್ದಾನೆ, ಅಷ್ಟೇ. ಹೊಲದ ದಾರಿಯಲ್ಲಿ ಗಾಡಿ ಎಳೆಸುವವರು ಸಿಕ್ಕರೆ ಮಾತೇ ಬೇರೆ. ಸಿಗೋ ತನಕ ಟಾಂಗಾ ನಡೀತದ. ನಾನು ಜೂನ್‌ದಾಗ ಹೋಗುವಾಗ ಸ್ಟೇಷನ್ನಿಗೆ ಬಿಡೋದು ಬಿಜಲಿಯೋ ಬ್ಯಾಟರಿ ಆಟೋನೋ, ಫೆಬ್ರವರಿಯ ಪುಟ ತುಂಬಿದ ಮೇಲೆ ತಿಳಿಯುತ್ತದೆ.

ಇನ್ನು ನೀವು ಕೇಳಿದ ಟಿಪ್ಸ್.

ಒಂದು: ಬೆಳಿಗ್ಗೆ ಗೋಳಗುಮ್ಮಟ, ಮಧ್ಯಾಹ್ನ ಇಬ್ರಾಹಿಂ ರೋಜಾ, ಸಂಜೆ ಉಪ್ಪಲಿ ಬುರುಜು. ಒಂದೇ ದಿನ ಸಾಕು ಅನ್ನೋರು ಇದ್ದಾರೆ, ಎರಡು ದಿನ ಇಟ್ಟುಕೊಳ್ಳಿ.

ಎರಡು: ಸ್ವೆಟರ್ ತನ್ನಿ, ಟೋಪಿಯನ್ನೂ ತನ್ನಿ. ಇಲ್ಲಿ ಒಂದೇ ದಿನಕ್ಕೆ ಎರಡೂ ಬೇಕು. ತುಟಿ ಒಡೀತಾವ, ತುಪ್ಪ ಹಚ್ಚಿಕೊಳ್ಳಿ.

ಮೂರು: ಗ್ಯಾಲರಿಯಲ್ಲಿ ಕಿರುಚಬ್ಯಾಡ್ರಿ, ಪಿಸುಗುಟ್ರಿ. ಯಾರೋ ಆ ಕಡೆ ಮುಖ್ಯವಾದದ್ದು ಹೇಳುತ್ತಿರಬಹುದು. ಗೋಡೆ ಮೇಲೆ ಹೆಸರು ಕೊರೆಯಬ್ಯಾಡ್ರಿ.

ನಾಲ್ಕು: ರಸ್ತೆಬದಿಯಲ್ಲಿ ಹಸಿ ಕಡಲಿ, ಬಾರಿಹಣ್ಣು, ಪ್ಯಾರಲ ಮಾರುವವರು ಸಿಗ್ತಾರ. ಜಾಸ್ತಿ ಚೌಕಾಸಿ ಮಾಡಬ್ಯಾಡ್ರಿ. ಅವರದ್ದೂ ಥಂಡಿಯ ಲೆಕ್ಕಾನೇ.

ಐದು: ಟಾಂಗಾ ಹತ್ತುವ ಮೊದಲು ಕುದುರೆ ನೋಡಿ. ಅದಕ್ಕೆ ನೀರು ಸಿಕ್ಕಿದೆಯಾ, ನೆರಳಲ್ಲಿ ನಿಂತಿದೆಯಾ ಅಂತ ಕೇಳಿ. ನಾಲ್ವರಿಗಿಂತ ಹೆಚ್ಚು ಹತ್ತಬ್ಯಾಡ್ರಿ. ಕೇಳಿದರೆ ಒಳ್ಳೆ ಟಾಂಗಾದವರು ಸಿಟ್ಟಾಗೋದಿಲ್ಲ, ಖುಷಿಪಡ್ತಾರ.

ನಿಮ್ಮೂರಾಗ ಥಂಡಿ ದಿನಗಳ ಮೇಲೆ ಯಾರ ಯಾರ ವರ್ಷ ನಡೀತದ? ಕಾಮೆಂಟ್‌ದಾಗ ಬರೀರಿ. ಎಲ್ಲಾ ಓದ್ತೀನಿ. ಅಪ್ಪನಿಗೂ ಓದಿ ಹೇಳ್ತೀನಿ.

#ವಿಜಯಪುರ #ಗೋಳಗುಮ್ಮಟ #ಥಂಡಿದಿನಗಳು #ಸೀತನಿ #ನಮ್ಮೂರಟಾಂಗಾ #ಬಿಜಲಿ